ಹತ್ತು ಮಷೀನಿನ ಹೊಲಿಗಿ ಯೂನಿಟ್ ಹಾಕ್ತೀರಂದ್ರ ಪೈಲಾ ಒಂದು ಮಿನಿಟಿನ ರೇಟು ತೆಗೀರಿ

ಕಲಬುರಗಿ ಹತ್ರ ಹೊನ್ನಕಿರಣಗಿ ಕಡಿ ಕೇಂದ್ರ ಸರ್ಕಾರದ ಪಿಎಂ ಮಿತ್ರ ಟೆಕ್ಸ್‌ಟೈಲ್ ಪಾರ್ಕ್ ಬರ್ತದ ಅಂತ 2023ರ ಮಾರ್ಚ್‌ದಾಗ ಡಿಕ್ಲೇರ್ ಆಯ್ತಲ್ರಿ, ಆವತ್ತಿಂದ ನಮ್ ಕಲಬುರಗಿ ಮಂದಿಗಿ ಹೊಲಿಗಿ ಯೂನಿಟಿನ ಹುಚ್ಚು ಹತ್ಯದ. ನಂದು ಹತ್ತು ಮಷೀನಿನ ಸಣ್ಣ ಯೂನಿಟ್ ಅದ ಅಂತ ಗೊತ್ತಿದ್ದೋರು ವಾರಕ್ಕೊಬ್ಬರರೇ ಫೋನ್ ಹಚ್ಚಿ ಕೇಳ್ತಾರ, ಎಲ್ಲರದೂ ಪೈಲಾ ಪ್ರಶ್ನಿ ಒಂದೇ, ಅಣ್ಣಾ ಯಾವ ಕಂಪನಿ ಮಷೀನ್ ತಗೋಬೇಕು ಅಂತ. ಎರಡನೇದು ಸಬ್ಸಿಡಿ ಎಷ್ಟು ಬರ್ತದ ಅಂತ. ಏನು ಹೊಲೀಬೇಕು, ಯಾರಿಗಿ ಹೊಲೀಬೇಕು, ಎಷ್ಟು ಹೊತ್ತಿನಾಗ ಹೊಲೀಬೇಕು ಅಂತ ಕೇಳೋರು ನೂರಕ್ಕ ಇಬ್ಬರು. ಅದಕ್ಕೇ ಎಲ್ಲಾ ಒಮ್ಮೆ ಕೂತು ಬರದಬಿಟ್ರ ದಿನಾ ಫೋನಿನಾಗ ಹೇಳೋದು ತಪ್ತದ ಅಂತ ಬರೀಲತ್ತೀನಿ, ಉದ್ದ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಪಾರ್ಕಿನ ಆಸೆ ಮ್ಯಾಲ ಯೂನಿಟ್ ಹಾಕಬ್ಯಾಡ್ರಿ, ಇದನ್ನ ಮೊದಲೇ ಹೇಳ್ತೀನಿ. ದೇಶದಾಗ ಅಂಥವು ಏಳು ಪಾರ್ಕ್ ಅವ, ಅದ್ರಾಗ ತೆಲಂಗಾಣದ ವಾರಂಗಲ್ಲು, ಮಹಾರಾಷ್ಟ್ರದ ಅಮರಾವತಿ ಎರಡೂ ನಮ್ಮಂಗೇ ಹತ್ತಿ ಬೆಳಿಯೋ ಸೀಮೆ, ನಮ್ಮ ಬಾಜೂ ರಾಜ್ಯದಾಗೇ ಅವ. ನಮ್ದು ಒಂದು ಸಾವಿರ ಎಕರೆದಾಗ ಅದ. ಚೊಲೋ ಸುದ್ದೀನೇ, ಬ್ಯಾಡ ಅನ್ಲತ್ತಿಲ್ಲ, ಆದ್ರ ನಿಮ್ಮ ಸಾಲದ ಕಂತು ಬರೋ ತಿಂಗಳಿಂದ ಶುರು ಆಗ್ತದ, ಪಾರ್ಕಿನ ಗೇಟು ನಿಮ್ಮ ಕಂತಿನ ತಾರೀಖ್ ನೋಡಿ ತೆರಿಯಂಗಿಲ್ಲ.

ನಮ್ಮ ಭಾಗದಾಗ ಬಟ್ಟೆ ಉದ್ಯೋಗ ಹೊಸಾದಲ್ಲ ಅನ್ನೋದೂ ನೆನಪಿರ್ಲಿ. ಊರಾಗ ಎಂಎಸ್‌ಕೆ ಮಿಲ್ ಅಂತೀವಲ್ಲ, ಈಗಿನ ಹುಡುಗರಿಗಿ ಅದು ಬರೇ ಒಂದು ಏರಿಯಾದ ಹೆಸರು, ಆಟೋದವನಿಗಿ ಹೇಳೋ ಅಡ್ರೆಸ್. ಅದು ಖರೇ ಅಂದ್ರ ಮೆಹಬೂಬ್ ಶಾಹಿ ಮಿಲ್, ಆರನೇ ನಿಜಾಮನ ಹೆಸರಿಂದು, ಅಲ್ಲಿ ನೂಲು ತೆಗೀತಿದ್ರು, ಬಟ್ಟಿ ನೇಯ್ತಿದ್ರು. ಮುಂದ ಎನ್‌ಟಿಸಿ (ಕೇಂದ್ರ ಸರ್ಕಾರದ ಜವಳಿ ನಿಗಮ) ಕೈಗಿ ಹೋಯ್ತು, ಕಡೀಗಿ ಬಂದ್ ಆಯ್ತು. ನಮ್ಮ ಓಣ್ಯಾಗ ಒಬ್ಬ ಮುದುಕರು ಇದ್ರು, ಮಿಲ್ಲಿನ ಭೋಂಗಾ ಬಂದ್ ಆಗಿ ಎಷ್ಟೋ ವರ್ಷ ಆದ್ರೂ ಮುಂಜಾನಿ ಅದೇ ಟೈಮಿಗಿ ಎದ್ದು ಕೂಡ್ತಿದ್ರು. ಮಿಲ್ ಹೋದಮ್ಯಾಲ ನಮ್ ಕೈಯಾಗ ಉಳಿದದ್ದು ದಾಲ್ ಮಿಲ್ಲು, ಶಹಾಬಾದ ಕಲ್ಲು, ವಾಡಿ ಕಡಿ ಸಿಮೆಂಟು, ಇಲ್ಲಾಂದ್ರ ಮುಂಬೈ ಪುಣೆ ಬೆಂಗಳೂರು ಗಾಡಿ ಹತ್ತೋದು.

ಈಗ ಹತ್ತಿ ಲೆಕ್ಕ ನೋಡ್ರಿ, ಮಜಾ ಅದ. ಶಹಾಪುರ, ಸುರಪುರ, ಜೇವರ್ಗಿ ಕಡಿ ಬೆಳೆದ ಹತ್ತಿ ಜಿನ್ನಿಂಗ್‌ಗಿ ಹೋಗ್ತದ, ಒಂದು ಕ್ವಿಂಟಾಲ್ ಬೀಜ ಹತ್ತಿಯಿಂದ ಅರಳಿ ಬರೋದು 33ರಿಂದ 35 ಕಿಲೋ, ಉಳಿದದ್ದೆಲ್ಲಾ ಕಾಳು. ಅರಳಿ 170 ಕಿಲೋದ ಬೇಲ್ ಆಗಿ ಲಾರಿ ಹತ್ತಿ ಹೊರಗ ಹೋಗ್ತದ. ನೂಲಿನಾಗ ವೇಸ್ಟೇಜು, ಕಟಿಂಗಿನಾಗ ಚೂರು ಎಲ್ಲಾ ತೆಗೆದ್ರೂ ಆ ಒಂದು ಕ್ವಿಂಟಾಲಿನಿಂದ ನೂರರ ಆಸುಪಾಸು ಹಾಫ್ ಅಂಗಿ ಆಗ್ತಾವ. 2025-26ರ ಹಂಗಾಮಿಗಿ ಉದ್ದ ಎಳೆ ಹತ್ತಿಗಿ ಬೆಂಬಲ ಬೆಲೆ 8,110 ರೂಪಾಯಿ, ಅಂದ್ರ ಒಂದು ಅಂಗ್ಯಾಗ ರೈತನ ಪಾಲು 80 ರೂಪಾಯಿ ಹಿಡೀರಿ. ಅದೇ ಅಂಗಿ ಸೂಪರ್ ಮಾರ್ಕೆಟ್‌ದಾಗ 500ಕ್ಕ ತಗೋತೀವಿ. ನಡುವಿನ 420 ಎಲ್ಲಿ ಹೋಯ್ತು ಅಂದ್ರ ನೂಲು, ನೇಯ್ಗಿ, ಬಣ್ಣ, ಹೊಲಿಗಿ, ಲಾರಿ, ಅಂಗಡಿ ಬಾಡಗಿ, ಎಲ್ಲಾ ಬ್ಯಾರೆ ಊರಿನ ಮಂದಿ ಪಗಾರ. ಅದ್ರಾಗ ಕಮ್ಮಿ ಬಂಡವಾಳದಾಗ ನಮ್ಮಂಥೋರು ಕೈ ಹಾಕಬಹುದಾದ ತುಂಡು ಅಂದ್ರ ಹೊಲಿಗಿ ಒಂದೇ. ನೂಲಿನ ಮಿಲ್ ಹಾಕಬೇಕಂದ್ರ ಕೋಟಿ ಕೋಟಿ ಬೇಕು, ಬಣ್ಣದ ಯೂನಿಟ್‌ಗಿ ನೀರು ಬೇಕು, ಆ ನೀರು ಸ್ವಚ್ಛ ಮಾಡೋ ಪ್ಲಾಂಟು ಬೇಕು, ಅದು ಪಾರ್ಕಿನ ಮಂದಿ ಮಾಡ್ಲಿ ಬಿಡ್ರಿ.

ಇನ್ನ ಮಿನಿಟಿನ ರೇಟು. ಇಲ್ಲೇ ಎಲ್ಲರೂ ಸಾಯೋದು, ನಾನೂ ಸತ್ತೀನಿ.

ಹತ್ತು ಮಷೀನ್, ದಿನಕ್ಕ 8 ತಾಸು, ಅಂದ್ರ ಒಂದು ಮಷೀನಿಗಿ 480 ಮಿನಿಟು, ಹತ್ತಕ್ಕ 4,800. ತಿಂಗಳಿಗಿ 25 ದಿನ ಹಿಡಿದ್ರ 1,20,000 ಮಿನಿಟು. ಬಟ್ಟಿ ಪಾರ್ಟೀದು, ನೀವು ಮಾರೋದು ಅಂಗಿ ಅಲ್ಲ, ಈ ಮಿನಿಟು. ಈಗ ಖರ್ಚು ಬರೀರಿ. ಇದು ಲೆಕ್ಕ ತಿಳೀಲಿ ಅಂತ ನಾ ಹಾಕಿದ ನಂಬರು, ನಿಮ್ಮ ನಂಬರು ನೀವು ಹಾಕ್ಕೋರಿ: 12 ಮಂದಿ ಪಗಾರ 1,50,000, ಇಎಸ್‌ಐ (ಕೆಲಸದವರ ದವಾಖಾನಿ ವಿಮಾ) 5,000, ಜಾಗದ ಬಾಡಗಿ 12,000, ಕರೆಂಟು 6,000, ಬ್ಯಾಂಕಿನ ಕಂತು 15,000, ದಾರ ಸೂಜಿ ಎಣ್ಣಿ ಟೆಂಪೋ ಚಹಾ ಎಲ್ಲಾ ಸೇರಿ 12,000. ಕೂಡಿಸಿದ್ರ 2 ಲಕ್ಷ. ಇದನ್ನ 1,20,000ಕ್ಕ ಭಾಗಿಸಿದ್ರ ಮಿನಿಟಿಗಿ 1 ರೂಪಾಯಿ 67 ಪೈಸಾ. ಒಂದು ಸ್ಕೂಲ್ ಅಂಗಿಗಿ 20 ಮಿನಿಟು ಕೆಲಸ ಹಿಡಿದ್ರ 33 ರೂಪಾಯಿ ಬೀಳ್ತದ.

ನಾ ಹಿಂಗೇ ಲೆಕ್ಕ ಹಾಕಿ ಶುರುವಿನ ವರ್ಷ ಒಬ್ಬ ಠೇಕೇದಾರನ ಕಡಿಂದ ಅಂಗಿಗಿ 48ರಂಗ 2,000 ಅಂಗಿ ಹಿಡದೆ. ಒಂದೊಂದಕ್ಕ 15 ಉಳಿತದ, 30 ಸಾವಿರ ಲಾಭ ಅಂತ ಮನ್ಯಾಗ ಹೇಳಿ ಕೂತಿದ್ದೆ. ಹತ್ತು ದಿನದಾಗ ಮುಗೀಬೇಕಾದದ್ದು 21 ದಿನ ಹಿಡೀತು. ಯಾಕಂದ್ರ ಹೊಸಾ ಕೈಗಳು ಇದ್ದ ಯೂನಿಟು ಯಾವತ್ತೂ ನೂರಕ್ಕ ನೂರು ಮಿನಿಟು ದುಡಿಯಂಗಿಲ್ಲ. ದಾರ ಹರೀತದ, ಬಾಬಿನ್ ಖಾಲಿ ಆಗ್ತದ, ಕಾಲರ್ ಉಲ್ಟಾ ಹಚ್ಚಿರ್ತಾರ ಅದನ್ನ ಬಿಚ್ಚಬೇಕು, ಕರೆಂಟ್ ಹೋಗ್ತದ, ಒಬ್ಬಾಕಿ ಕೂಸಿಗಿ ಜ್ವರ ಬಂದಿರ್ತದ. ನಮ್ದು ಬರೋಬ್ಬರಿ 40 ಪರ್ಸೆಂಟ್ ನಡದಿತ್ತು. 40 ಪರ್ಸೆಂಟ್ ಅಂದ್ರ 1,20,000ದಾಗ ಮಾರೋಕ ಬರೋದು 48,000 ಮಿನಿಟು ಅಷ್ಟೇ, 2 ಲಕ್ಷ ಅದಕ್ಕ ಭಾಗಿಸ್ರಿ, ಮಿನಿಟಿಗಿ 4 ರೂಪಾಯಿ 17 ಪೈಸಾ. ಅಂಗಿಗಿ 83. ನನಗ ಸಿಕ್ಕಿದ್ದು 48. 2,000 ಅಂಗಿಗಿ 70 ಸಾವಿರ ನನ್ನ ಕಿಸೇದಿಂದ ಹೋಯ್ತು, ಅದೂ ಬಾಯಿ ಬಿಟ್ಟು ಯಾರಿಗೂ ಹೇಳ್ದಂಗ.

ಒಂದು ವರ್ಷ ಆದಮ್ಯಾಲ 60 ಪರ್ಸೆಂಟಿಗಿ ಬಂದೀವಿ. ಆಗ ಮಿನಿಟಿಗಿ 2 ರೂಪಾಯಿ 78 ಪೈಸಾ, ಅಂಗಿಗಿ 56 ಹತ್ರ. ಅಂದ್ರ 48ಕ್ಕ ಈಗಲೂ ಆಗಂಗಿಲ್ಲ, 65 ಅಂದ್ರ ಹಿಡೀತೀನಿ. ನೋಡ್ರಿ, ಮಷೀನ್ ಅವೇ, ಮಂದಿ ಅವರೇ, ಜಾಗ ಅದೇ.

ಹೆಂಗ ಅಳೀಬೇಕು ಅಂದ್ರ ಮೊಬೈಲಿನ ಸ್ಟಾಪ್‌ವಾಚ್ ಸಾಕು. ಅಂಗಿ ಹಿಡ್ಕೊಂಡು ಅದರ ಕೆಲಸ ಬಿಡಿಸಿ ಬರೀರಿ, ಕಾಲರ್ ತಯಾರಿ, ಮುಂದಿನ ಪಟ್ಟಿ, ಕಿಸೆ, ಭುಜ ಜೋಡಿಸೋದು, ಕಾಲರ್ ಹಚ್ಚೋದು, ತೋಳು ಹಚ್ಚೋದು, ಬಾಜೂ ಹೊಲಿಗಿ, ಕೆಳಗಿನ ಮಡಚು, ಕಾಜಾ, ಗುಂಡಿ. ಒಂದೊಂದನ್ನ ಚೊಲೋ ಕೈ ಇರಾಕಿ ಕಡಿಂದ ಐದ್ ಸಲ ಮಾಡ್ಸಿ ಸರಾಸರಿ ತೆಗೀರಿ, ಮ್ಯಾಲ ದಣಿವಿಗಿ ಅಂತ 15 ಪರ್ಸೆಂಟ್ ಕೂಡಿಸ್ರಿ. ಎಲ್ಲಾದರ ಮೊತ್ತ ನಿಮ್ಮ ಅಂಗಿಯ ಮಿನಿಟು. ಠೇಕೇದಾರ ಇದು 14 ಮಿನಿಟಿನ ಮಾಲ್ರಿ ಅಂತಾನ, ನಂಬಬ್ಯಾಡ್ರಿ, ಅವನಿಗಿ ಬೆಂಗಳೂರಿನ ದೊಡ್ಡ ಫ್ಯಾಕ್ಟರಿ ಲೆಕ್ಕ ಗೊತ್ತಿರ್ತದ, ನಿಮ್ಮ ಶೆಡ್ಡಿನ ಲೆಕ್ಕ ಗೊತ್ತಿರಂಗಿಲ್ಲ. ದಿನಾ ಸಂಜೀಗಿ ಎಷ್ಟು ಪೀಸ್ ಆತು ಅಂತ ಬರೆದು, ಮಿನಿಟಿಂದ ಗುಣಿಸಿ, 4,800ಕ್ಕ ಭಾಗಿಸಿ, ಬಂದ ಪರ್ಸೆಂಟ್ ಗೋಡಿ ಮ್ಯಾಲಿನ ಬೋರ್ಡಿಗಿ ಬರೀರಿ. ನಾ ಬರೀಲಿಕ್ಕೆ ಶುರು ಮಾಡಿದ್ ತಿಂಗಳೇ 6 ಪರ್ಸೆಂಟ್ ಏರ್ತು, ಯಾರಿಗೂ ಬೈದಿಲ್ಲ, ಬರೇ ನಂಬರ್ ಬರದೀನಿ.

ಏನು ಹೊಲೀಬೇಕು ಅನ್ನೋದು ಮುಂದಿನ ಮಾತು. ಸ್ಕೂಲ್ ಯೂನಿಫಾರ್ಮ್ ಅಂತ ಎಲ್ಲರ ತಲ್ಯಾಗ ಬರ್ತದ, ಬರಲಿ, ಆದ್ರ ನಮ್ಮಿಂದ ನೂರು ಕಿಲೋಮೀಟರ್ ಚಿಲ್ಲರ ದೂರ ಸೊಲ್ಲಾಪುರ ಅದ, ಚಾದರ ಟಾವೆಲ್ ಅಷ್ಟೇ ಅಲ್ಲ, ಯೂನಿಫಾರ್ಮಿನಾಗೂ ಅವರು ಪಳಗಿದ ಕೈ. ನಮ್ಮ ಅಂಗಡಿಯವ್ರು ಮುಂಜಾನಿ ಟ್ರೇನ್ ಹತ್ತಿ ಹೋಗಿ ಸಂಜೀಗಿ ಮಾಲ್ ತರ್ತಾರ. ರೇಟಿನಾಗ ಅವರ ಜೋಡಿ ಗುದ್ದಾಡಿದ್ರ ನಿಮ್ ಹಲ್ಲೇ ಮುರಿಯೋದು. ನಾವು ಗೆಲ್ಲೋದು ಸಣ್ಣ ಆರ್ಡರಿನಾಗ, ಜೂನ್ ಎರಡನೇ ವಾರ ಸ್ಕೂಲಿನವರಿಗಿ ನೆನಪಾಗ್ತದ, 30ನೇ ಸೈಜ್ 40 ಅಂಗಿ ಕಮ್ಮಿ ಬಿದ್ದಾವ ಅಂತ, ಆ 40 ಅಂಗಿ ಮೂರು ದಿನದಾಗ ಕೊಡೋನು ಊರಾಗೇ ಇರೋನು. ಅದಕ್ಕ ರೇಟೂ ಚೊಲೋ ಕೊಡ್ತಾರ.

ನನ್ನ ಪ್ರಕಾರ ಹೊಸಬರಿಗಿ ಅಂಗೀನೇ ಬ್ಯಾಡ. ಕಾಲರ್ ಇಲ್ಲದ್ದು ಹಿಡೀರಿ. ಕಲಬುರಗ್ಯಾಗ ದವಾಖಾನಿ ಎಷ್ಟು ಅವ ನೋಡ್ರಿ, ಬೀದರ ಯಾದಗಿರಿ ಅಷ್ಟೇ ಅಲ್ಲ ತೆಲಂಗಾಣದ ತಾಂಡೂರ ಕಡಿಂದನೂ ಪೇಷಂಟ್ ಬರ್ತಾರ, ಬೆಡ್‌ಶೀಟು, ದಿಂಬಿನ ಕವರು, ಪೇಷಂಟ್ ಗೌನು, ಓಟಿ ಡ್ರೆಸ್ಸು, ಇವೆಲ್ಲಾ ಸೀದಾ ಹೊಲಿಗಿ, ವರ್ಷಪೂರ್ತಿ ಬೇಕು, ಒಗೆದು ಒಗೆದು ಹರೀತಾವ, ಮತ್ತ ಬೇಕು. ಲಂಗಾ, ನೈಟಿ ಅಂದ್ರ ಹಳ್ಳಿ ಸಂತ್ಯಾಗ ಓಡ್ತಾವ. ಅರಿವಿ ಚೀಲ, 2022ರ ಜುಲೈಯಿಂದ ಒಂದ್ ಸಲ ಬಳಸಿ ಬಿಸಾಕೋ ಕೆಲವು ಪ್ಲಾಸ್ಟಿಕ್ ಸಾಮಾನು ದೇಶದಾಗ ಬಂದ್ ಆದಮ್ಯಾಲ ಸೀರಿ ಅಂಗಡಿಯವ್ರು ತಮ್ಮ ಹೆಸರು ಛಾಪಿಸಿದ ಚೀಲ ಕೇಳ್ತಾರ. ಆರು ತಿಂಗಳು ಇಂಥಾದ್ದು ಹೊಲದು ಕೈ ಕೂತಮ್ಯಾಲ ಅಂಗಿಗಿ ಹೋಗ್ರಿ. ಬಳ್ಳಾರಿ ಜೀನ್ಸ್ ಕೆಲಸ ತರ್ತೀನಿ ಅಂತ ಒಬ್ಬ ಗೆಳೆಯ ಹೋಗಿದ್ದ, ಅದಕ್ಕ ದಪ್ಪ ಬಟ್ಟಿ ಮಷೀನು, ಕಾಲಿನ ಜೋಡಿ ಹೊಲಿಗಿ ಹಾಕೋ ಫೀಡ್ ಆಫ್ ದಿ ಆರ್ಮ್, ಕಿಸೆ ಮೂಲಿ ಗಟ್ಟಿ ಮಾಡೋ ಬಾರ್‌ಟ್ಯಾಕ್ ಎಲ್ಲಾ ಬ್ಯಾರೆ ಬೇಕು, ನೋಡ್ಕೊಂಡು ವಾಪಸ್ ಬಂದ.

ಮಷೀನ್ ಬಗ್ಗೆ ಜಾಸ್ತಿ ಹೇಳಂಗಿಲ್ಲ. ಸೀದಾ ಹೊಲಿಗಿಗಿ ಎಂಟು ಸಿಂಗಲ್ ನೀಡಲ್, ಬಟ್ಟಿ ಅಂಚು ಬಿಚ್ಚದಂಗ ಹೊಲಿಯೋ ಎರಡು ಓವರ್‌ಲಾಕ್. ಹೊಸಾ ಸಿಂಗಲ್ ನೀಡಲ್ 20ರಿಂದ 30 ಸಾವಿರದಾಗ ಬರ್ತದ. ಕಂಪನಿಕಿಂತ ರಿಪೇರಿ ಮಿಸ್ತ್ರಿ ಊರಾಗ ಇದ್ದಾನೋ ಇಲ್ಲೋ ನೋಡ್ರಿ. ಹಳೇ ಮಷೀನ್ ತಗೊಂಡ್ರ ಕ್ಲಚ್ ಮೋಟಾರ್ ಇದ್ರ ತೆಗೆಸಿ, ಹೊಲಿಯೋವಾಗ ಅಷ್ಟೇ ತಿರುಗೋ ಸರ್ವೋ ಮೋಟಾರ್ ಹಾಕಿಸ್ರಿ, ಕ್ಲಚ್ ಮೋಟಾರು ನೀವು ಹೊಲೀದಿದ್ರೂ ತಿರುಗ್ತಾನೇ ಇರ್ತದ, ಜೆಸ್ಕಾಂ ಕರೆಂಟ್ ಬಿಲ್ಲು ತಿರುಗಿಸ್ತದ. ಕಾಜಾ ಗುಂಡಿ ಮಷೀನು ಪೈಲಾ ವರ್ಷ ಬ್ಯಾಡ, ಹೊರಗ ಪೀಸಿನ ಲೆಕ್ಕದಾಗ ಮಾಡ್ಸ್ರಿ.

ಜಾಗ ಮಾತ್ರ ನೋಡೇ ಹಿಡೀರಿ. ಪತ್ರಾ ಶೆಡ್ ಬಾಡಗಿ ಕಮ್ಮಿ ಅಂತ ಹಿಡಿದ್ರ ಏಪ್ರಿಲ್ ಮೇ ತಿಂಗಳ ನಮ್ಮ ಬಿಸಲಿಗಿ ಒಳಗ ರೊಟ್ಟಿ ಸುಡಬಹುದು. ಬಿಳಿ ಅಂಗಿ ಮ್ಯಾಲ ಬೆವರಿನ ಕಲೆ ಬಿದ್ರ ಮಾಲ್ ರಿಜೆಕ್ಟ್, ಮ್ಯಾಲಿಂದ ಯೂನಿಫಾರ್ಮ್ ಸೀಜನ್ ಅಂದ್ರ ಅದೇ ಎರಡು ತಿಂಗಳು. ಬ್ಯಾಸಗ್ಯಾಗ ನಮ್ ಕಡಿ ಸರ್ಕಾರಿ ಆಫೀಸೇ ಮುಂಜಾನಿ 8ರಿಂದ ಮಧ್ಯಾಹ್ನ ಒಂದೂವರೀತನಕ ನಡೀತಾವಲ್ಲ, ಅದನ್ನ ನೋಡಿ ನಾನೂ ಆರೂವರಿಗಿ ಶುರು ಮಾಡ್ಸಿ ಎರಡಕ್ಕ ಬಿಡ್ತೀನಿ. ಅರ್ಧ ತಾಸು ಕಮ್ಮಿ ಆದ್ರೂ ಪೀಸು ಜಾಸ್ತಿ ಬಂದಾವ. ಇಸ್ತ್ರಿ ಟೇಬಲ್ ಬ್ಯಾರೆ ರೂಮಿನಾಗ ಇಡ್ರಿ. ಮತ್ತ ಇನ್ವರ್ಟರ್ ಮ್ಯಾಲ ಮಷೀನ್ ನಡೀತಾವ, ಇಸ್ತ್ರಿ ನಡೀಯಂಗಿಲ್ಲ, ಅದು ತಿಳ್ಕೊಂಡು ಇಸ್ತ್ರಿ ಕೆಲಸ ಕರೆಂಟ್ ಗ್ಯಾರಂಟಿ ಇರೋ ಹೊತ್ತಿಗಿ ಹಾಕ್ಕೋರಿ.

ಮಂದಿ ವಿಷಯ. ಟೇಲರ್ ಬ್ಯಾರೆ, ಆಪರೇಟರ್ ಬ್ಯಾರೆ. ಮನ್ಯಾಗ ಹತ್ತು ವರ್ಷ ಬ್ಲೌಜ್ ಹೊಲೆದಾಕಿ ಬಂದು, ನಾ ಪೂರಾ ಅಂಗಿ ಹೊಲೀತೀನಿ, ದಿನಾಪೂರ್ತಿ ಬರೇ ಕಿಸೆ ಹಚ್ಚು ಅಂದ್ರ ತಲಿ ಕೆಡ್ತದ ಅಂತಾಳ. ಆಕೀದೂ ಖರೇ ಅದ. ಅದಕ್ಕೇ ನಾ ಪೂರಾ ಲೈನ್ ಮಾಡಿಲ್ಲ, ಮೂರು ಮೂರು ಮಂದಿ ಗುಂಪು ಮಾಡಿ ಒಂದೊಂದು ಭಾಗ ಕೊಟ್ಟೀನಿ, ಒಳಗಿಂದೊಳಗ ಅವರೇ ಬದಲ್ ಮಾಡ್ಕೋತಾರ. ಹೊಸಾ ಹುಡುಗ್ಯಾರಿಗಿ ಬ್ಯಾಂಕಿನವರ ಸ್ವ ಉದ್ಯೋಗ ತರಬೇತಿ ಸಂಸ್ಥಾದಾಗ ಪುಕ್ಕಟ ಟ್ರೇನಿಂಗ್ ಅದ, ಅಲ್ಲಿಂದ ಬಂದವರು ಕಲಿಯೋದು ಜಲ್ದಿ.

ಆದ್ರ ಯಾವ ಟ್ರೇನಿಂಗಿನಾಗೂ ಹೇಳಂಗಿಲ್ಲ ಒಂದು ಮಾತು. ಅಕ್ಟೋಬರ್ ಕಡಿಂದ ಹತ್ತಿ ಬಿಡಿಸೋದು ಶುರು ಆಗ್ತದ, ಅದರ ಬೆನ್ನಿಗೇ ತೊಗರಿ ರಾಶಿ. ಹತ್ತಿ ಬಿಡಿಸೋದಕ್ಕ ಕಿಲೋ ಲೆಕ್ಕದಾಗ ರೊಕ್ಕ, ಅದೂ ಕೈಯಾಗ, ಗಾಡಿ ಕಳಿಸಿ ಮನಿ ಮುಂದಿಂದ ಕರ್ಕೊಂಡು ಹೋಗ್ತಾರ. ನಿಮ್ಮ ಮಷೀನ್ ಮ್ಯಾಲಿನ ಕೈಯೂ ಅದೇ, ಹೊಲದಾಗಿನ ಕೈಯೂ ಅದೇ. ಪೈಲಾ ವರ್ಷ ನನ್ನ ಹತ್ತರಾಗ ಐದು ಮಂದಿ ಒಂದೇ ವಾರದಾಗ ಗೈರು. ಸಿಟ್ಟಿಗೆದ್ದೆ, ಆಮ್ಯಾಲ ಲೆಕ್ಕ ಹಾಕಿ ನೋಡಿದ್ರ ಆ ಎರಡು ತಿಂಗಳು ಹೊಲಕ್ಕ ಹೋದ್ರ ಅವರಿಗಿ ನನ್ನಕಿಂತ ಜಾಸ್ತಿ ಸಿಗ್ತದ, ಸಿಟ್ಟು ಯಾರ ಮ್ಯಾಲ ಮಾಡೋದು? ಈಗ ಅಕ್ಟೋಬರಿಂದ ಜನವರಿತನಕ ದೊಡ್ಡ ಆರ್ಡರ್ ಹಿಡಿಯಂಗೇ ಇಲ್ಲ, ಚೀಲ, ದಿಂಬಿನ ಕವರ್ ಇಂಥಾದ್ದು ಹಿಡೀತೀನಿ. ಪಂಚಮಿ, ರಂಜಾನ್, ಶರಣಬಸಪ್ಪನ ಜಾತ್ರಿ, ಇವನ್ನೂ ಕ್ಯಾಲೆಂಡರಿನಾಗ ಕೆಂಪು ಗುರುತು ಹಾಕೇ ಡೆಲಿವರಿ ತಾರೀಖ್ ಕೊಡ್ರಿ. ಪಗಾರ ಕಾರ್ಮಿಕ ಇಲಾಖೆ ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಡಬ್ಯಾಡ್ರಿ, ಹತ್ತು ಮಂದಿ ಆದ್ರ ಇಎಸ್‌ಐ, ಇಪ್ಪತ್ತು ಆದ್ರ ಪಿಎಫ್, ಮತ್ತ ಸ್ವಚ್ಛ ಪಾಯಖಾನಿ ಇರ್ಲಿ. ಹೆಣ್ಮಕ್ಳು ಕೆಲಸ ಬಿಡೋ ಕಾರಣದಾಗ ಪಗಾರ ಬಿಟ್ರ ಮುಂದಿನದು ಇದೇ, ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ.

ಸಾಲ ಮತ್ತ ಕಾಗದ. ಪಿಎಂಇಜಿಪಿ ಅಂತ ಹೊಸಾ ಯೂನಿಟ್‌ಗಿ ಸಾಲದ ಮ್ಯಾಲ ಸಬ್ಸಿಡಿ ಕೊಡೋ ಕೇಂದ್ರದ ಯೋಜನೆ, 2025-26ರತನಕದ ನಿಯಮದಂಗ ಅದ್ರಾಗ ತಯಾರಿಕಾ ಯೂನಿಟ್‌ಗಿ 50 ಲಕ್ಷದತನಕ ಪ್ರಾಜೆಕ್ಟ್ ಹಾಕಬಹುದು, ಹೆಣ್ಮಕ್ಳು, ಎಸ್‌ಸಿ, ಎಸ್‌ಟಿ, ಓಬಿಸಿ, ಅಲ್ಪಸಂಖ್ಯಾತರಿಗಿ ಹಳ್ಳ್ಯಾಗ 35 ಪರ್ಸೆಂಟ್, ಸಿಟ್ಯಾಗ 25 ಪರ್ಸೆಂಟ್ ಸಬ್ಸಿಡಿ. ಈ ವರ್ಷ ಅರ್ಜಿ ತಗೋಲತ್ತಾರೋ ಇಲ್ಲೋ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕ ಹೋಗಿ ಕೇಳ್ರಿ, ಏಜೆಂಟನ ಮಾತು ಕೇಳಬ್ಯಾಡ್ರಿ. ಎಲ್ಲರೂ ತಪ್ಪು ತಿಳ್ಕೊಂಡದ್ದು ಏನಂದ್ರ ಸಬ್ಸಿಡಿ ರೊಕ್ಕ ಕೈಗಿ ಬರಂಗಿಲ್ಲ, ಬ್ಯಾಂಕಿನಾಗೇ ನಿಮ್ಮ ಹೆಸರಲೇ ಮೂರು ವರ್ಷ ಠೇವಣಿ ಇರ್ತದ, ಯೂನಿಟ್ ನಡದಿದ್ರ ಆಮ್ಯಾಲ ಸಾಲಕ್ಕ ಜಮಾ ಆಗ್ತದ. ಸಬ್ಸಿಡಿ ಬಂದ್ರ ಬಟ್ಟಿ ತರ್ತೀನಿ ಅಂತ ಕೂತೋರು ಕೂತಲ್ಲೇ ಕೂತಾರ. ಒಬ್ಬರೇ ಟೇಲರ್ ಇದ್ರ ಕೈಕೆಲಸದವರ ಪಿಎಂ ವಿಶ್ವಕರ್ಮ ಯೋಜನೆದಾಗ ಟೂಲ್‌ಕಿಟ್‌ಗಿ 15,000, ಪೈಲಾ ಸಾಲ 1 ಲಕ್ಷ 5 ಪರ್ಸೆಂಟ್ ಬಡ್ಡಿಗಿ ಸಿಗ್ತದ, ಅದು ಸಾಕು ನಿಮಗ. ಬರೇ ಜಾಬ್‌ವರ್ಕ್ (ಪಾರ್ಟಿ ಕೊಟ್ಟ ಬಟ್ಟಿ ಹೊಲದು ಕೂಲಿ ತಗೋಳೋದು) ಮಾಡ್ತೀರಂದ್ರ ವರ್ಷಕ್ಕ 20 ಲಕ್ಷ ದಾಟೋತನಕ ಜಿಎಸ್‌ಟಿ ನಂಬರ್ ಕಡ್ಡಾಯ ಅಲ್ಲ, ಆದ್ರ ದೊಡ್ಡ ಪಾರ್ಟಿ ನಂಬರ್ ಇಲ್ಲದೋನಿಗಿ ಕೆಲಸ ಕೊಡೋದು ಕಮ್ಮಿ.

ಉದ್ಯಮ್ ರಿಜಿಸ್ಟ್ರೇಷನ್, ಅಂದ್ರ ನಿಮ್ದು ಸಣ್ಣ ಉದ್ಯಮ ಅಂತ ಸರ್ಕಾರಿ ನೋಂದಣಿ, ಅದು ಮಾತ್ರ ಪೈಲಾ ದಿನಾನೇ ಮಾಡ್ಸ್ರಿ. ಸರ್ಕಾರಿ ಪೋರ್ಟಲ್‌ದಾಗ ಅದು ಪೂರ್ತಿ ಪುಕ್ಕಟ, ರೊಕ್ಕ ಕೇಳೋ ಸೈಟ್ ಎಲ್ಲಾ ಬೋಗಸ್. ಇದ್ಯಾಕ ಅಂದ್ರ, 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆದಾಗ ಮಾಲ್ ಒಪ್ಪಿಕೊಂಡ ಪಾರ್ಟಿ ಹೆಚ್ಚಂದ್ರ 45 ದಿನದೊಳಗ ರೊಕ್ಕ ಕೊಡಬೇಕು ಅಂತ ಅದ, ಕೊಡದಿದ್ರ ಎಂಎಸ್‌ಎಂಇ ಇಲಾಖೆಯ ಪೋರ್ಟಲ್‌ದಾಗ ಕಂಪ್ಲೇಂಟ್ ಹಾಕಬಹುದು, ತಡ ಮಾಡಿದ್ದಕ್ಕ ಬಡ್ಡಿನೂ ಕೇಳಬಹುದು. ನನಗ ಆ 48ರ ಠೇಕೇದಾರ ಐದು ತಿಂಗಳು ತಿರುಗಿಸಿದ, ಕಡೀಗಿ 300 ಅಂಗಿ ಡಿಫೆಕ್ಟ್ ಅಂತ ಕಟ್ ಮಾಡಿ ಕೊಟ್ಟ, ಯಾವ ಡಿಫೆಕ್ಟು ಅಂತ ತೋರ್ಸಲೇ ಇಲ್ಲ. ಆಗ ನನ್ನ ಹತ್ರ ಉದ್ಯಮ್ ನಂಬರೂ ಇಲ್ಲ, ಕಾಗದಾನೂ ಇಲ್ಲ. ಈಗ ಕಟಿಂಗ್‌ಗಿ ಕತ್ರಿ ಹಚ್ಚೋ ಮೊದಲ ಒಂದು ಸ್ಯಾಂಪಲ್ ಹೊಲದು, ಪಾರ್ಟಿ ಸಹಿ ಮಾಡಿದ ಚೀಟಿ ಅದಕ್ಕ ಹೊಲದು, ಪ್ಯಾಕ್ ಮಾಡಿ ಕಪಾಟಿನಾಗ ಇಡ್ತೀನಿ. ಬಟ್ಟಿ ಎಷ್ಟು ಮೀಟರ್ ಬಂತು, ಒಂದು ಅಂಗಿಗಿ ಎಷ್ಟು ಹಿಡೀತು, ಎಷ್ಟು ಚೂರು ಉಳೀತು, ಅದನ್ನೂ ಬರದು ಸಹಿ ಮಾಡಿಸ್ರಿ, ಯಾಕಂದ್ರ ರೊಕ್ಕ ಕೊಡೋ ಟೈಮಿಗಿ ಮೊದಲ ಬರೋ ಜಗಳ ಬಟ್ಟಿ ಕಮ್ಮಿ ಬಿತ್ತು ಅಂತಾನೇ.

ಇನ್ನ ಪಾರ್ಕ್ ಶುರು ಆದ್ರ ಏನಾಗ್ತದ ಅಂತ ಕೇಳೋರಿಗಿ, ನನ್ನ ಅಂದಾಜಿಗಿ ಎರಡು ಆಗ್ತಾವ. ದೊಡ್ಡವರು ಗುಂಡಿ, ಕಾಜಾ, ದಾರ ಕತ್ತರಿಸೋದು ಇಂಥಾ ಚಿಲ್ಲರ ಕೆಲಸ ಹೊರಗ ಕೊಡ್ತಾರ, ಅದು ನಮಗ ಬರ್ತದ. ಮತ್ತ ನಮ್ಮ ಚೊಲೋ ಕೈಗಳನ್ನ ಬಸ್ ಕಳಿಸಿ ಕರ್ಕೊಂಡು ಹೋಗ್ತಾರ. ನನ್ನ ಕಡಿ ಕಾಲರ್ ಹಚ್ಚಾಕಿ ಈಗಲೇ ಕೇಳಿಬಿಟ್ಟಾಳ, ಅಣ್ಣಾ ಅಲ್ಲಿ ಪಿಎಫ್ ಕೊಡ್ತಾರಂತಲ್ಲ, ನಾ ಹೋಗ್ಲೇನ್ರೀ ಅಂತ. ಹೋಗವ್ವಾ, ಬ್ಯಾಡ ಅನ್ನಂಗಿಲ್ಲ, ಆದ್ರ ಹೋಗೋದ್ರೊಳಗ ಇನ್ನಿಬ್ಬರಿಗಿ ಕಾಲರ್ ಕಲಿಸು ಅಂದೀನಿ, ಕಲಿಸೋ ಎರಡು ತಾಸಿಗಿ ಬ್ಯಾರೆ ರೊಕ್ಕ ಕೊಡ್ಲತ್ತೀನಿ. ಆ ರೊಕ್ಕಾನೂ ನನ್ನ ಮಿನಿಟಿನ ಲೆಕ್ಕದಾಗ ಸೇರ್ಯದ, ಈ ತಿಂಗಳು 2 ರೂಪಾಯಿ 84 ಪೈಸಾ ಬಂದದ.